ಗ್ಯಾಲಕ್ಸಿ ಎಸ್24 ಅಲ್ಟ್ರಾ: ಪರದೆ, ಕ್ಯಾಮೆರಾ ಮತ್ತು ಮೊದಲ ದಿನವೇ ಬದಲಿಸಬೇಕಾದ ಸೆಟ್ಟಿಂಗ್‌ಗಳು

ನೆರಳುಬೆಳಕು

ಸ್ಯಾಮ್‌ಸಂಗಿನ ಈ ಫೋನಿನ ಬೆಲೆ ಬಿಡುಗಡೆಯ ಹೊತ್ತಿಗಿಂತ (2024ರ ಜನವರಿಯಲ್ಲಿ 256 ಜಿಬಿ ಮಾದರಿಗೆ 1,29,999 ರೂಪಾಯಿ) ಇಳಿದಿದೆ. ಹೊಸದನ್ನೋ ಸೆಕೆಂಡ್ ಹ್ಯಾಂಡನ್ನೋ ಕೊಳ್ಳುವವರು ಜಾಸ್ತಿಯಾಗಿದ್ದಾರೆ, ಹಾಗಾಗಿ ಪರದೆ ಮತ್ತು ಕ್ಯಾಮೆರಾದ ಬಗ್ಗೆ ಒಂದೇ ಕಡೆ ಬರೆದಿಡೋಣ. 2600 ನಿಟ್ಸ್ (ಪರದೆಯ ಹೊಳಪಿನ ಅಳತೆ), 200 ಮೆಗಾಪಿಕ್ಸೆಲ್, 100 ಪಟ್ಟು ಜೂಮ್ ಅನ್ನುವ ಮೂರು ಅಂಕಿಗಳೂ ನಿಜ. ಆದರೆ ಪ್ರತಿಯೊಂದಕ್ಕೂ ಷರತ್ತುಗಳಿವೆ. ಅವು ಗೊತ್ತಿದ್ದರೆ ಮಾತ್ರ ಕೊಟ್ಟ ದುಡ್ಡಿಗೆ ನ್ಯಾಯ ಸಿಗುತ್ತದೆ.

ಮೊದಲು ಪರದೆ. 6.8 ಇಂಚು, 3120 x 1440. ಆದರೆ ಡಬ್ಬದಿಂದ ತೆಗೆದಾಗ ಅದು ಓಡುವುದು 2340 x 1080ರಲ್ಲಿ. ಸೆಟ್ಟಿಂಗ್ಸ್ > ಡಿಸ್‌ಪ್ಲೇ > ಸ್ಕ್ರೀನ್ ರೆಸಲ್ಯೂಷನ್‌ಗೆ ಹೋಗಿ ಕ್ಯುಎಚ್‌ಡಿ ಪ್ಲಸ್ (3120 x 1440) ಆರಿಸಬೇಕು. ಇಂಗ್ಲಿಷ್ ಓದುವವರಿಗೆ ವ್ಯತ್ಯಾಸ ಅಷ್ಟಾಗಿ ಕಾಣದು. ಕನ್ನಡ ಓದುವವರಿಗೆ ಕಾಣುತ್ತದೆ. ಲೆಕ್ಕ ಹಾಕಿದರೆ ಮೊದಲಿನದು ಇಂಚಿಗೆ ಸುಮಾರು 379 ಪಿಕ್ಸೆಲ್, ಎರಡನೆಯದು ಸುಮಾರು 505. ಈ ಬಗೆಯ ಒಎಲ್‌ಇಡಿಯಲ್ಲಿ (ಚುಕ್ಕೆಗಳು ತಾವೇ ಬೆಳಗುವ ಪರದೆ) ಪ್ರತಿ ಪಿಕ್ಸೆಲಿಗೂ ಹಸಿರು ಚುಕ್ಕೆ ಇರುತ್ತದೆ, ಕೆಂಪು ಮತ್ತು ನೀಲಿ ಮಾತ್ರ ಅರ್ಧರ್ಧ ಹಂಚಿಕೆಯಾಗಿರುತ್ತವೆ. ಹಾಗಾಗಿ ಗೆರೆಯ ಅಂಚಿನ ನಿಜವಾದ ಚೂಪು ಆ ಅಂಕಿಗಿಂತ ಕಡಿಮೆಯೇ. ಅಕ್ಷರದ ಗಾತ್ರ ಚಿಕ್ಕದಿಟ್ಟು ಒಂದು ಇ-ಪತ್ರಿಕೆಯ ಪುಟ ತೆರೆಯಿರಿ. 'ರಾಷ್ಟ್ರ', 'ಸ್ವಾತಂತ್ರ್ಯ', 'ಲಕ್ಷ್ಮಿ' ಥರದ ಪದಗಳ ಒತ್ತಕ್ಷರ ನೋಡಿ. ಕೆಳಗಿನ ಸಾಲಿನ ರ-ಒತ್ತು, ಯ-ಒತ್ತು ಹೆಚ್ಚಿನ ರೆಸಲ್ಯೂಷನ್ನಿನಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ, ಕಡಿಮೆಯದರಲ್ಲಿ ಒಂದಕ್ಕೊಂದು ಅಂಟುತ್ತವೆ. ಬ್ಯಾಟರಿಯ ಮೇಲೆ ಇದರಿಂದ ಬೀಳುವ ಹೊರೆ ಗಮನಕ್ಕೆ ಬರುವಷ್ಟಿಲ್ಲ. ಬ್ರೈಟ್‌ನೆಸ್ ತಿನ್ನುವ ಬ್ಯಾಟರಿಯ ಮುಂದೆ ಇದು ಲೆಕ್ಕಕ್ಕೇ ಇಲ್ಲ.

ಎರಡನೆಯದು ಬಣ್ಣ. ಫೋನ್ ಬಂದ ಹೊಸತರಲ್ಲಿ ಹಳೆಯ ಅಲ್ಟ್ರಾಗಳಿಗಿಂತ ಬಣ್ಣ ಸಪ್ಪೆ ಎಂದು ಬಹಳ ಜನ ಹೇಳಿದರು. ಅದಕ್ಕೆ 2024ರ ಫೆಬ್ರವರಿಯ ಅಪ್‌ಡೇಟ್‌ನಲ್ಲಿ ವಿವಿಡ್‌ನೆಸ್ ಎಂಬ ಸ್ಲೈಡರ್ ಬಂತು. ಸ್ಕ್ರೀನ್ ಮೋಡ್‌ನಲ್ಲಿ ವಿವಿಡ್ ಆರಿಸಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಒಳಗೆ ಹೋದರೆ ಸಿಗುತ್ತದೆ. ನ್ಯಾಚುರಲ್ ಮೋಡ್‌ನಲ್ಲಿ ಅದು ಇರುವುದಿಲ್ಲ. ಬಣ್ಣದ ಬಗ್ಗೆ ತೀರ್ಮಾನಕ್ಕೆ ಬರುವ ಮೊದಲು ಐ ಕಂಫರ್ಟ್ ಶೀಲ್ಡ್ ಆಫ್ ಮಾಡಿ. ಅದು ಆನ್ ಇದ್ದರೆ ಬಿಳಿ ಅರಿಶಿನಕ್ಕೆ ತಿರುಗಿರುತ್ತದೆ, ಆಗ ಯಾವ ಮೋಡ್ ಹಾಕಿದರೂ ಹೋಲಿಕೆಗೆ ಅರ್ಥವಿಲ್ಲ.

ಬಯಲುನಾಡು

ಕಲಬುರಗಿ, ರಾಯಚೂರು ಕಡೆ ಏಪ್ರಿಲ್-ಮೇ ಬಿಸಿಲಲ್ಲಿ ಹೇಗೆ? 2600 ನಿಟ್ಸ್ ಅಂತ ಓದಿ ತಗೊಂಡವರಿಗೆ ಮಧ್ಯಾಹ್ನ ಹೊರಗೆ ಪರದೆ ಮಬ್ಬಾಗಿ ಕಾಣೋದು ಯಾಕೆ? ಇನ್ನೊಂದು, ಗಾಜಿನ ಗಾರ್ಡ್ ಹಾಕಿಸಬೇಕಾ ಬೇಡವಾ?

ಗಾಜುಗಣ್ಣು

@ಬಯಲುನಾಡು ಎರಡಕ್ಕೂ ಉತ್ತರಿಸ್ತೀನಿ.

2600 ಅನ್ನೋದು ಗರಿಷ್ಠ ಅಂಕಿ. ಅಡಾಪ್ಟಿವ್ ಬ್ರೈಟ್‌ನೆಸ್ (ಸುತ್ತಲಿನ ಬೆಳಕಿಗೆ ತಕ್ಕಂತೆ ಹೊಳಪು ತಾನೇ ಬದಲಾಗೋದು) ಆನ್ ಇರಬೇಕು, ಸೆನ್ಸರ್ ಮೇಲೆ ಜೋರು ಬೆಳಕು ಬೀಳಬೇಕು, ಪರದೆಯ ಸ್ವಲ್ಪ ಭಾಗ ಮಾತ್ರ ಬೆಳ್ಳಗಿರಬೇಕು. ಆಗ ಮಾತ್ರ ಅಷ್ಟು ಬೆಳಕು ಬರುತ್ತೆ. ಇಡೀ ಪರದೆ ಬಿಳಿಯಿದ್ದರೆ, ಅಂದರೆ ಬ್ಯಾಂಕ್ ಆ್ಯಪ್, ಪಿಡಿಎಫ್ ಥರದ್ದಾದರೆ, ಅದಕ್ಕಿಂತ ಬಹಳ ಕಡಿಮೆ. ಸ್ಲೈಡರ್ ಕೈಯಲ್ಲೇ ಪೂರ್ತಿ ಎಳೆದರೂ ಆ ಮಟ್ಟ ಸಿಗಲ್ಲ. ಅಡಾಪ್ಟಿವ್ ಬೇಡ ಅನ್ನೋರು ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಟ್ರಾ ಬ್ರೈಟ್‌ನೆಸ್ ಆನ್ ಮಾಡ್ಕೋಬಹುದು. ಅಡಾಪ್ಟಿವ್ ಆಫ್ ಇದ್ದಾಗಷ್ಟೇ ಅದು ಕಾಣಿಸುತ್ತೆ.

ಮಬ್ಬಾಗೋಕೆ ಕಾರಣ ಶಾಖ. 42 ಡಿಗ್ರಿ ಬಿಸಿಲಲ್ಲಿ ಬೈಕಿನ ಹ್ಯಾಂಡಲ್ ಮೇಲೆ ಮ್ಯಾಪ್ ಹಾಕಿ, ಜೊತೆಗೆ ಚಾರ್ಜಿಗೂ ಇಟ್ಟರೆ ಪರದೆ, ಪ್ರೊಸೆಸರ್, ಬ್ಯಾಟರಿ ಮೂರೂ ಒಟ್ಟಿಗೆ ಕಾಯುತ್ತವೆ. ಒಎಲ್‌ಇಡಿ ಬೇಗ ಸವೆಯದಿರಲಿ ಅಂತ ಫೋನೇ ಬೆಳಕು ಇಳಿಸುತ್ತೆ. ಇದು ದೋಷ ಅಲ್ಲ, ಆ ಹೊತ್ತಲ್ಲಿ ಅದು ಮಾಡಬೇಕಾದ್ದೇ ಅದು. ಮಾಡಬೇಕಾದ್ದು ಇಷ್ಟು: ದಪ್ಪ ರಬ್ಬರ್ ಕವರ್ ತೆಗೀರಿ, ಬಿಸಿಲಲ್ಲಿರುವಾಗ ಚಾರ್ಜ್ ಹಾಕಬೇಡಿ, ಮ್ಯಾಪನ್ನ ಡಾರ್ಕ್ ಥೀಮ್‌ನಲ್ಲಿಡಿ, ಕ್ಯಾಮೆರಾ ಆ್ಯಪ್ ಹಿಂದೆ ತೆರೆದಿದ್ದರೆ ಮುಚ್ಚಿ. ತಣ್ಣೀರು ಹಾಕೋದು, ಫ್ರಿಜ್ಜಲ್ಲಿಡೋದು ಮಾತ್ರ ಬೇಡವೇ ಬೇಡ. ಲೆನ್ಸಿನ ಒಳಗೆ ಹನಿ ಕಟ್ಟುತ್ತೆ.

ಇನ್ನು ಗಾರ್ಡ್. ಈ ಫೋನಿನ ಪರದೆಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಹೊಳಪಲ್ಲ, ಅದರ ಗಾಜು. ಕಾರ್ನಿಂಗ್ ಕಂಪನಿಯ ಗೊರಿಲ್ಲಾ ಆರ್ಮರ್. ಮಾಮೂಲಿ ಗಾಜಿನ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 4 ಶೇಕಡಾವನ್ನು ವಾಪಸ್ ಕಳಿಸುತ್ತೆ. ಇದರಲ್ಲಿ ಆ ಪ್ರತಿಫಲನ 75 ಶೇಕಡಾದವರೆಗೂ ಕಡಿಮೆ ಅಂತ ಕಂಪನಿಯೇ ಹೇಳುತ್ತೆ, ಅಂದರೆ ಹತ್ತಿರ ಹತ್ತಿರ 1 ಶೇಕಡಾ. ಟ್ಯೂಬ್‌ಲೈಟಿನ ಕೆಳಗೆ ಬೇರೆ ಫೋನಿನ ಪಕ್ಕ ಪರದೆ ಆಫ್ ಮಾಡಿಟ್ಟು ನೋಡಿ. ಅದರಲ್ಲಿ ಟ್ಯೂಬು ಬೆಳ್ಳಗೆ ಗೆರೆಯಾಗಿ ಹೊಳೆಯುತ್ತೆ, ಇದರಲ್ಲಿ ನೇರಳೆ ಛಾಯೆಯ ಮಂಕು ಪಟ್ಟಿಯಷ್ಟೇ. ಬಿಸಿಲಲ್ಲಿ ಕಪ್ಪು ಕಪ್ಪಾಗೇ ಉಳಿಯೋದು ಇದರಿಂದ. ಬೆಳಕು ಸುರಿದು ಪಡೆಯೋ ಕಾಂಟ್ರಾಸ್ಟನ್ನ ಗಾಜೇ ಪುಕ್ಕಟೆಯಾಗಿ ಕೊಡ್ತಿದೆ.

ಇದರ ಮೇಲೆ ಮಾಮೂಲಿ ಟೆಂಪರ್ಡ್ ಗಾಜು ಅಂಟಿಸಿದ ಕೂಡಲೇ ಆ 4 ಶೇಕಡಾ ಮರಳಿ ಬಂತು, ಯಾಕಂದರೆ ಗಾಳಿಗೆ ಎದುರಾಗೋ ಮೇಲ್ಮೈ ಈಗ ಗಾರ್ಡಿನದು. ಅಷ್ಟಾದ ಮೇಲೆ ಈ ಗಾಜಿಗೆ ದುಡ್ಡು ಕೊಟ್ಟು ಪ್ರಯೋಜನ ಏನು? ಹಾಕಲೇಬೇಕು ಅಂದರೆ ಪ್ರತಿಫಲನ ತಡೆಯೋ ಲೇಪನ ಇರೋ ಫಿಲ್ಮ್ ಹುಡುಕಿ. ಬೆರಳಚ್ಚಿನ ಸೆನ್ಸರ್ ಅಲ್ಟ್ರಾಸೋನಿಕ್, ಶಬ್ದದ ಅಲೆಯಿಂದ ಬೆರಳಿನ ಗೆರೆ ಓದುತ್ತೆ. ನಡುವೆ ಕೂದಲೆಳೆಯಷ್ಟು ಗಾಳಿ ಇದ್ದರೂ ಅಲೆ ಅಲ್ಲೇ ನಿಲ್ಲುತ್ತೆ. ಹಾಗಾಗಿ ಅಂಚಿಗೆ ಮಾತ್ರ ಅಂಟು ಇರೋ ಗಾಜು ಆಗಲ್ಲ, ಇಡೀ ಮೈಗೆ ಅಂಟಿರೋದೇ ಬೇಕು. ಹಾಕಿದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಟಚ್ ಸೆನ್ಸಿಟಿವಿಟಿ ಆನ್ ಮಾಡಿ, ಹಳೆ ಬೆರಳಚ್ಚು ಅಳಿಸಿ ಹೊಸದಾಗಿ ಕೊಡಿ. ದ್ರವ ಸುರಿದು ನೇರಳೆ ದೀಪದಡಿ ಒಣಗಿಸೋ ಗಾರ್ಡ್‌ನಿಂದ ದೂರ ಇರಿ. ಆ ದ್ರವ ಸ್ಪೀಕರ್ ಸೀಳಿಗೋ ಬಟನ್ ಸಂದಿಗೋ ಇಳಿದರೆ ಗಟ್ಟಿಯಾಗಿ ಕೂತುಬಿಡುತ್ತೆ.

ಗೀರಿನ ವಿಷಯ. ಗಾಜು ಎಷ್ಟೇ ಗಟ್ಟಿಯಿದ್ದರೂ ಮರಳಿನ ಕಣ ಕ್ವಾರ್ಟ್ಜ್, ಗಡಸುತನದ ಮೋಸ್ ಅಳತೆಯಲ್ಲಿ 7. ಅದು ಗೀಚೇ ಗೀಚುತ್ತೆ. ಧೂಳು ಕೂತ ಪರದೆಯನ್ನ ಪಂಚೆ ಅಂಚಿನಿಂದಲೋ ಶರ್ಟಿನಿಂದಲೋ ಒರೆಸಬೇಡಿ. ಮೊದಲು ಊದಿ, ಆಮೇಲೆ ಒದ್ದೆ ಮೈಕ್ರೋಫೈಬರ್ ಬಟ್ಟೆ.

ಹಿಮ್ಮೇಳ

ಯಕ್ಷಗಾನದ ಪ್ರಶ್ನೆ. ರಾತ್ರಿ ಆಟ, ಮೂರನೆಯ ಸಾಲಿನಿಂದ ವೇಷದ ಫೋಟೊ. 3 ಪಟ್ಟು ಜೂಮ್ ಹಾಕಿದರೆ ಮುಖ ಬಣ್ಣ ಬಳಿದ ಗೋಡೆಯಂತೆ ನುಣ್ಣಗಾಗುತ್ತದೆ, ಮುಖವರ್ಣಿಕೆಯ ಸಣ್ಣ ಗೆರೆಗಳೇ ಇರುವುದಿಲ್ಲ. ಒಮ್ಮೊಮ್ಮೆ ಕಿರೀಟದ ಅಂಚಿಗೆ ಇನ್ನೊಂದು ನೆರಳು ಕಿರೀಟ. 5 ಪಟ್ಟು ಜೂಮ್‌ನಲ್ಲಿ ಪರವಾಗಿಲ್ಲ, ಆದರೆ ಅದೂ ಒಮ್ಮೊಮ್ಮೆ ಕೆಡುತ್ತದೆ. ಕಾರಣ ಏನಿರಬಹುದು?

ನೆರಳುಬೆಳಕು

@ಹಿಮ್ಮೇಳ ನೀವು ಹೇಳಿದ ಎರಡೂ ತೊಂದರೆಗಳಿಗೆ ಬೇರೆ ಬೇರೆ ಕಾರಣ.

ನುಣ್ಣಗಾಗುವುದು ಲೆನ್ಸ್ ಬದಲಾದ್ದರಿಂದ. ಪರದೆಯ ಮೇಲೆ 3 ಎಂದು ತೋರಿಸಿದ ಮಾತ್ರಕ್ಕೆ 3 ಪಟ್ಟಿನ ಲೆನ್ಸೇ ಕೆಲಸ ಮಾಡುತ್ತಿದೆ ಎಂದಲ್ಲ. ಬೆಳಕು ಸಾಲದಿದ್ದರೆ, ಅಥವಾ ವಸ್ತು ತೀರಾ ಹತ್ತಿರವಿದ್ದರೆ, ಫೋನ್ ಸದ್ದಿಲ್ಲದೆ ಮುಖ್ಯ ಕ್ಯಾಮೆರಾಕ್ಕೆ ಜಾರಿ ಅದರ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುತ್ತದೆ. ಪರೀಕ್ಷೆ ಸುಲಭ. ಕ್ಯಾಮೆರಾ ತೆರೆದು 3 ಒತ್ತಿ, ಹಿಂದಿನ ಲೆನ್ಸ್‌ಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚುತ್ತ ಹೋಗಿ. ಯಾವುದನ್ನು ಮುಚ್ಚಿದಾಗ ಚಿತ್ರ ಕಪ್ಪಾಗುತ್ತದೋ ಅದೇ ಆಗ ಬಳಕೆಯಲ್ಲಿರುವ ಲೆನ್ಸ್. ಹಗಲಿನಲ್ಲಿ ಒಂದು, ರಾತ್ರಿ ಇನ್ನೊಂದು ಲೆನ್ಸ್ ಸಿಗುವುದನ್ನು ಹೀಗೆ ಕಣ್ಣಾರೆ ನೋಡಬಹುದು. ಪರೀಕ್ಷೆಯಾದ ಮೇಲೆ ಲೆನ್ಸ್ ಒರೆಸಿ. ಬೆರಳಿನ ಎಣ್ಣೆ ಉಳಿದರೆ ಪ್ರತಿ ದೀಪದ ಸುತ್ತಲೂ ಮಂಜಿನ ಬಳೆ ಮೂಡುತ್ತದೆ.

ಇದನ್ನು ತಡೆಯಲು ಗ್ಯಾಲಕ್ಸಿ ಸ್ಟೋರ್‌ನಿಂದ ಕ್ಯಾಮೆರಾ ಅಸಿಸ್ಟೆಂಟ್ ಹಾಕಿಕೊಂಡು ಅದರಲ್ಲಿ ಆಟೋ ಲೆನ್ಸ್ ಸ್ವಿಚಿಂಗ್ ಆಫ್ ಮಾಡಿ. ಅಲ್ಲೇ ಅಂಚುಗಳ ಅತಿ ಚೂಪನ್ನು ಮೆದುವಾಗಿಸುವ ಪಿಕ್ಚರ್ ಸಾಫ್ಟನಿಂಗ್ ಕೂಡ ಇದೆ. ಕ್ವಿಕ್ ಟ್ಯಾಪ್ ಶಟರ್ ಆನ್ ಮಾಡಿದರೆ ಬೆರಳು ಎತ್ತಿದಾಗಲ್ಲ, ಮುಟ್ಟಿದ ಕ್ಷಣವೇ ಫೋಟೊ ಬೀಳುತ್ತದೆ. ಧೀಂಗಿಣ (ಯಕ್ಷಗಾನದ ಗಿರಕಿ ಕುಣಿತ) ಹಿಡಿಯುವವರಿಗೆ ಇದೊಂದೇ ಸಾಕು, ದೊಡ್ಡ ವ್ಯತ್ಯಾಸ.

ಆದರೆ ಫೋನ್ ಹಾಗೆ ಜಾರುವುದಕ್ಕೂ ಒಂದು ನ್ಯಾಯವಿದೆ. ಲೆನ್ಸಿನ ಎಫ್ ಅಂಕಿ ಹೆಚ್ಚಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ: ಮುಖ್ಯ ಲೆನ್ಸ್ ಎಫ್/1.7, 3 ಪಟ್ಟಿನದು ಎಫ್/2.4, 5 ಪಟ್ಟಿನದು ಎಫ್/3.4. ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧಕ್ಕಿಳಿಯುತ್ತದೆ, ಅಂದರೆ ಮುಖ್ಯ ಲೆನ್ಸಿಗೆ ಹೋಲಿಸಿದರೆ 5 ಪಟ್ಟಿನದಕ್ಕೆ ಕಾಲು ಭಾಗ. ಮುಖ್ಯ ಲೆನ್ಸಿನಲ್ಲಿ ಐಎಸ್‌ಒ (ಸಿಕ್ಕ ಬೆಳಕನ್ನು ಎಷ್ಟು ಹಿಗ್ಗಿಸಬೇಕೆಂಬ ಅಂಕಿ) 200 ಸಾಕಾಗುವ ರಂಗಸ್ಥಳಕ್ಕೆ, ಅದೇ ಶಟರ್ ವೇಗದಲ್ಲಿ, 5 ಪಟ್ಟಿನ ಲೆನ್ಸಿಗೆ 800 ಬೇಕು. ಅದರ ಸೆನ್ಸರ್ ಕೂಡ ಚಿಕ್ಕದು, ಹಾಗಾಗಿ ಕಾಳುಕಾಳಾದ ನಾಯ್ಸ್ ಬಂದೇ ಬರುತ್ತದೆ. ಆದರೂ 3 ಪಟ್ಟಿನ 10 ಮೆಗಾಪಿಕ್ಸೆಲ್ ಸೆನ್ಸರಿಗಿಂತ 5 ಪಟ್ಟಿನ 50 ಮೆಗಾಪಿಕ್ಸೆಲ್ ಸೆನ್ಸರೇ ಮೇಲು. ನನ್ನ ಸಲಹೆ ಕೇಳುವುದಾದರೆ ರಾತ್ರಿ ಹೊತ್ತು 3ನ್ನು ಮರೆತುಬಿಡಿ. ಹತ್ತಿರ ಕೂತು 2, ದೂರ ಕೂತು 5.

ನೆರಳು ಕಿರೀಟಕ್ಕೆ ಕಾರಣ ತಾನಾಗಿ ಬರುವ ನೈಟ್ ಮೋಡ್. ಅದು ಹಲವು ಫ್ರೇಮ್‌ಗಳನ್ನು ಒಂದರ ಮೇಲೊಂದು ಕೂರಿಸುತ್ತದೆ, ವೇಷಧಾರಿ ಆ ಹೊತ್ತಿಗೆ ಕುಣಿದಿರುತ್ತಾನೆ. ಫ್ರೇಮಿನ ಮೂಲೆಯ ಚಂದ್ರನ ಗುರುತು ಒತ್ತಿ ಅದನ್ನು ಆಫ್ ಮಾಡಿ. ಇನ್ನೂ ಒಳ್ಳೆಯದು ಶಟರ್, ಐಎಸ್‌ಒಗಳನ್ನು ನಾವೇ ಹೊಂದಿಸುವ ಪ್ರೊ ಮೋಡ್. ಚೆನ್ನಾಗಿ ಬೆಳಗಿದ ರಂಗಸ್ಥಳಕ್ಕೆ ಮುಖ್ಯ ಲೆನ್ಸಿನಲ್ಲಿ ಶಟರ್ 1/250 (ಸೆಕೆಂಡಿನ 250ರಲ್ಲಿ ಒಂದು ಭಾಗ), ಐಎಸ್‌ಒ 400ರಿಂದ ಆರಂಭಿಸಿ. ದೀಪಗಳು ಮಿನುಗುವಂಥವಾದರೆ 1/100, ಐಎಸ್‌ಒ 200. ಕಿರೀಟ, ಭುಜಕೀರ್ತಿಗಳ ಕನ್ನಡಿ ಚೂರು ಮತ್ತು ಚಿನ್ನದ ಬಣ್ಣ ಮೊದಲು ಸುಟ್ಟುಹೋಗುವ ಜಾಗ. ಆಟೋದಲ್ಲಿ ತೆಗೆಯುವಾಗ ಮುಖವನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಕತ್ತಲಾದ ಜಾಗವನ್ನು ಆಮೇಲೆ ಎಡಿಟಿಂಗ್‌ನಲ್ಲಿ ಎತ್ತಬಹುದು. ಬಿಳಿಯಾಗಿ ಹೋದದ್ದು ಹೋಯಿತು.

ಬಣ್ಣ ಬದಲಾಗುವ ದೀಪಗಳಿದ್ದರೆ ವೈಟ್ ಬ್ಯಾಲೆನ್ಸನ್ನು ಒಂದೇ ಅಂಕಿಗೆ ನಿಲ್ಲಿಸಿ. ಹಳದಿ ದೀಪಕ್ಕೆ 3200 ಕೆಲ್ವಿನ್ ಆಸುಪಾಸು, ಬಿಳಿ ಎಲ್‌ಇಡಿಗೆ 5000. ಆಟೋದಲ್ಲಿ ಬಿಟ್ಟರೆ ಹಸಿರು ದೀಪ ಬಂದಾಗ ಅದಕ್ಕೆ ಎದುರಾಗಿ ಮುಖವನ್ನು ಗುಲಾಬಿ ಮಾಡುತ್ತದೆ.

ಕಡಲತಡಿ

ದೀಪ ಮಿನುಗುವುದರ ಬಗ್ಗೆ ಸೇರಿಸುವುದಿದೆ, ವಿಡಿಯೊ ಮಾಡುವವರು ಇದರಲ್ಲೇ ಜಾಸ್ತಿ ಸೋಲುವುದು. ನಮ್ಮ ವಿದ್ಯುತ್ 50 ಹರ್ಟ್ಜ್, ಹಾಗಾಗಿ ಅಗ್ಗದ ಎಲ್‌ಇಡಿ ಮತ್ತು ಟ್ಯೂಬುಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಶಟರ್ ಸಮಯ ಆ 1/100ರ ಪೂರ್ಣ ಪಟ್ಟು ಆಗಿರಬೇಕು: 1/100 ಆಗಬಹುದು, 1/50 ಆಗಬಹುದು. 1/60 ಆಗುವುದಿಲ್ಲ. ಒಂದು ಫ್ರೇಮಿಗೆ ಹೆಚ್ಚು ಬೆಳಕು, ಇನ್ನೊಂದಕ್ಕೆ ಕಡಿಮೆ ಬಿದ್ದು ಚಿತ್ರದ ಮೇಲೆ ಪಟ್ಟೆಗಳು ಹರಿಯುತ್ತವೆ. ಸೆಕೆಂಡಿಗೆ 60 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮಿಗೆ 1/50 ಸಮಯವೇ ಇಲ್ಲ, ಆದ್ದರಿಂದ ಅಲ್ಲಿ 1/100 ಒಂದೇ ದಾರಿ. ರಾತ್ರಿ ಮಂಟಪಕ್ಕೆ, ಜಾತ್ರೆಗೆ, ಆಟಕ್ಕೆ 30 ಫ್ರೇಮ್ ಮತ್ತು 1/50 ಇಟ್ಟುಕೊಳ್ಳಿ. ಬೆಳಕೂ ದುಪ್ಪಟ್ಟು ಸಿಗುತ್ತದೆ. ಇದೆಲ್ಲ ಪ್ರೊ ವಿಡಿಯೊ ಮೋಡ್‌ನಲ್ಲಿ.

ದೊಡ್ಡ ಎಲ್‌ಇಡಿ ಪರದೆಗಳ ಮಿನುಗು ಬೇರೆ, ಅದಕ್ಕೂ 50 ಹರ್ಟ್ಜ್‌ಗೂ ಸಂಬಂಧವಿಲ್ಲ. ಅಲ್ಲಿ ಶಟರ್ ಅಂಕಿಯನ್ನು ಒಂದೊಂದೇ ಬದಲಿಸುತ್ತ ಪಟ್ಟೆ ಎಲ್ಲಿ ನಿಲ್ಲುತ್ತದೋ ಅಲ್ಲಿ ಬಿಡಬೇಕು.

ಕಂಬಳಕ್ಕೆ ಬರುವವರಿಗೆ ಒಂದು ಲೆಕ್ಕ. 2020ರಲ್ಲಿ ಐಕಳ ಕಂಬಳದಲ್ಲಿ 142.5 ಮೀಟರ್ ಕರೆಯನ್ನು (ಕೋಣ ಓಡುವ ಕೆಸರಿನ ಹಾದಿ) 13.62 ಸೆಕೆಂಡಿನಲ್ಲಿ ಮುಗಿಸಿದ ಓಟ ದೇಶವೆಲ್ಲ ಸುದ್ದಿಯಾಯಿತಲ್ಲ, ಅದು ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್. ಪಕ್ಕದಿಂದ ತೆಗೆದರೆ 1/100 ಶಟರಿನ ಹೊತ್ತಿಗೆ ಕೋಣ ಹತ್ತು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, 1/1000ಕ್ಕೆ ಒಂದು ಸೆಂಟಿಮೀಟರ್. ಹಾರುವ ಕೆಸರು ನೀರು ಇನ್ನೂ ವೇಗ. ಆಟೋ ಮೋಡ್ ಅಷ್ಟು ವೇಗ ಆರಿಸುವುದಿಲ್ಲ. ಸಂಜೆಯೊಳಗೆ ಪ್ರೊ ಮೋಡ್, 1/1000 ಅಥವಾ 1/2000, 5 ಪಟ್ಟಿನ ಲೆನ್ಸ್. ಪಕ್ಕಕ್ಕಿಂತ ಮಂಜೊಟ್ಟಿಯ (ಓಟ ಮುಗಿಯುವ ತುದಿ) ಕಡೆಯಿಂದ ಎದುರಾಗಿ ನಿಂತರೆ ಅಡ್ಡ ಚಲನೆ ಕಡಿಮೆ, ಚೂಪು ಹೆಚ್ಚು. ಆದರೆ ಎದುರಿಂದ ಬರುವಾಗ ಫೋಕಸ್ ಹಿಂದೆ ಬೀಳುತ್ತದೆ. ಅದಕ್ಕೆ ಮ್ಯಾನುವಲ್ ಫೋಕಸ್ ಹಾಕಿ ಕರೆಯ ಒಂದು ಜಾಗಕ್ಕೆ ಮೊದಲೇ ನಿಲ್ಲಿಸಿ, ಕೋಣ ಅಲ್ಲಿಗೆ ಬರುವ ಮುನ್ನವೇ ತೆಗೆಯಲು ಶುರುಮಾಡಿ. ಆಟೋ ಮೋಡ್‌ನಲ್ಲಾದರೆ ಶಟರ್ ಬಟನ್ ಕೆಳಗೆ ಎಳೆದು ಹಿಡಿದರೆ ಬರ್ಸ್ಟ್, ಅಂದರೆ ಒಂದರ ಹಿಂದೊಂದು ಫೋಟೊಗಳು ಬರುತ್ತವೆ (ಸೆಟ್ಟಿಂಗ್ಸ್‌ನಲ್ಲಿ ಸ್ವೈಪ್ ಶಟರ್ ಎಂಬಲ್ಲಿ ಬರ್ಸ್ಟ್ ಆಯ್ಕೆಯಾಗಿರಬೇಕು). ರಾತ್ರಿ ಫ್ಲಡ್‌ಲೈಟಿನಲ್ಲಿ ಈ ಫೋನಿನಿಂದ ಕೋಣದ ಓಟವನ್ನು ಪೂರ್ತಿ ನಿಲ್ಲಿಸಿ ತೆಗೆಯಲು ಆಗುವುದಿಲ್ಲ. ಮುಖ್ಯ ಲೆನ್ಸಿನಲ್ಲಿ ಓಟದ ಜೊತೆಗೇ ಫೋನ್ ತಿರುಗಿಸುತ್ತ ತೆಗೆಯುವುದೇ ವಾಸಿ.

ಬಯಲುನಾಡು

ವಿವಿಡ್‌ನೆಸ್ ಸ್ಲೈಡರ್ ಪೂರ್ತಿ ಎಳೆದು ಇಟ್ಕೊಂಡ್ರೆ ತಪ್ಪೇನು? ನೋಡೋಕೆ ಚೆನ್ನಾಗೇ ಇದೆ.

ನೆರಳುಬೆಳಕು

@ಬಯಲುನಾಡು ನೋಡುವುದಕ್ಕೆ ಏನೂ ತಪ್ಪಿಲ್ಲ. ಅದೇ ಪರದೆಯ ಮೇಲೆ ಫೋಟೊ ಎಡಿಟ್ ಮಾಡಿದರೆ ತೊಂದರೆ. ಪರದೆ ಕೆಂಪನ್ನು ಎತ್ತಿ ತೋರಿಸುತ್ತದೆ, ನೀವು ಕೆಂಪು ಸಾಕೆಂದು ಬಿಡುತ್ತೀರಿ, ಬೇರೆ ಪರದೆಯಲ್ಲಿ ಅಥವಾ ಪ್ರಿಂಟಿನಲ್ಲಿ ಅದೇ ಫೋಟೊ ಮಂಕು. ಎಡಿಟ್ ಮಾಡುವಾಗ ನ್ಯಾಚುರಲ್‌ಗೆ ಬದಲಿಸಿ, ಮುಗಿದ ಮೇಲೆ ವಾಪಸ್ ಹಾಕಿಕೊಳ್ಳಿ. ಮದುವೆ ಫೋಟೊದಲ್ಲಿ ಕೆಂಪು ರೇಷ್ಮೆ, ಜರಿ, ಕುಂಕುಮ ಇದ್ದರೆ ಇದು ಮುಖ್ಯ, ಸೀರೆಯ ಮಡಿಕೆಗಳು ಕಾಣುತ್ತಿವೆಯೇ ಎಂಬುದು ನ್ಯಾಚುರಲ್‌ನಲ್ಲಿ ಮಾತ್ರ ಸರಿಯಾಗಿ ತಿಳಿಯುತ್ತದೆ.

ಕಲ್ಲುಬರಹ

ಶಾಸನ, ವೀರಗಲ್ಲುಗಳ ಫೋಟೊಗೆ 200 ಮೆಗಾಪಿಕ್ಸೆಲ್ ಮೋಡ್ ನಿಜಕ್ಕೂ ಉಪಯೋಗವೇ? ಸವೆದ ಅಕ್ಷರ ಓದಲು ಸಿಗಬೇಕು, ಅದೊಂದೇ ಉದ್ದೇಶ.

ತೆಂಕಣಗಾಳಿ

@ಕಲ್ಲುಬರಹ ಸವೆದ ಅಕ್ಷರಕ್ಕೆ ಬೇಕಾದ್ದು ಮೆಗಾಪಿಕ್ಸೆಲ್ ಅಲ್ಲ, ನೆರಳು. ಮೊದಲು ಸೆನ್ಸರಿನ ವಿಷಯ ಹೇಳಿ ಅಲ್ಲಿಗೆ ಬರುತ್ತೇನೆ.

ಮುಖ್ಯ ಸೆನ್ಸರ್ 1/1.3 ಇಂಚಿನದು, ಒಂದೊಂದು ಪಿಕ್ಸೆಲ್ 0.6 ಮೈಕ್ರೋಮೀಟರ್. ಮಾಮೂಲಿ ಮೋಡ್‌ನಲ್ಲಿ 16 ಪಿಕ್ಸೆಲ್ ಸೇರಿ ಒಂದಾಗಿ 2.4 ಮೈಕ್ರೋಮೀಟರಿನ ದೊಡ್ಡ ಪಿಕ್ಸೆಲ್ ಆಗುತ್ತದೆ, ಫೋಟೊ 12 ಮೆಗಾಪಿಕ್ಸೆಲ್ಲಿನದು. 50ರ ಮೋಡ್‌ನಲ್ಲಿ ನಾಲ್ಕು ಸೇರಿ ಒಂದು, 1.2 ಮೈಕ್ರೋಮೀಟರ್. 200ರಲ್ಲಿ ಬಿಡಿಬಿಡಿ. ಸೆನ್ಸರಿನ ಮೇಲಿನ ಬಣ್ಣದ ಜರಡಿ 4 x 4 ಪಿಕ್ಸೆಲಿಗೆ ಒಂದೇ ಬಣ್ಣವಾಗಿರುವುದರಿಂದ, 200ರಲ್ಲಿ ಬಣ್ಣವನ್ನು ಫೋನ್ ಅಕ್ಕಪಕ್ಕದ ಪಿಕ್ಸೆಲ್ ನೋಡಿ ಲೆಕ್ಕ ಹಾಕಿ ತುಂಬಬೇಕು. ಒಳ್ಳೆಯ ಬಿಸಿಲಿದ್ದರೆ ದೂರದ ಬೋರ್ಡು, ಗೋಪುರದ ಸಣ್ಣ ಶಿಲ್ಪಗಳಲ್ಲಿ ವಿವರ ಹೆಚ್ಚು ಸಿಗುವುದು ನಿಜ. ಮೋಡ ಕವಿದರೆ, ಗರ್ಭಗುಡಿಯ ಒಳಗಾದರೆ, ಬರೀ ನಾಯ್ಸ್ ಮತ್ತು ಹತ್ತಾರು ಎಂಬಿಯ ಫೈಲು. ಬೆಳಕು-ನೆರಳು ಹೊಂದಿಸುವ ಎಚ್‌ಡಿಆರ್ ಕೆಲಸವೂ ಅದರಲ್ಲಿ ಕಡಿಮೆ. ಶಾಸನಕ್ಕೆ 50 ಸರಿಯಾದ ನಡುದಾರಿ.

ಈಗ ಬೆಳಕು. ನೆತ್ತಿ ಮೇಲಿನ ಬಿಸಿಲಲ್ಲಿ, ಅಥವಾ ಫೋನಿನ ಫ್ಲ್ಯಾಶಿನಲ್ಲಿ ಎಂದೂ ಶಾಸನ ತೆಗೆಯಬೇಡಿ. ಫ್ಲ್ಯಾಶ್ ನೇರ ಎದುರಿನಿಂದ ಬೀಳುತ್ತದೆ, ಅಕ್ಷರದ ಗುಳಿಯಲ್ಲಿ ನೆರಳೇ ನಿಲ್ಲುವುದಿಲ್ಲ. ಕಲ್ಲು ನೆರಳಿನಲ್ಲಿರುವ ಹೊತ್ತು, ಅಥವಾ ಕತ್ತಲಾದ ಮೇಲೆ, ಇನ್ನೊಬ್ಬರ ಕೈಗೆ ಟಾರ್ಚ್ ಕೊಟ್ಟು ಕಲ್ಲಿನ ಪಕ್ಕದಲ್ಲಿ ಒಂದೆರಡು ಮೀಟರ್ ದೂರ ನಿಲ್ಲಿಸಿ. ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋಗಬೇಕು, 10ರಿಂದ 15 ಡಿಗ್ರಿ ಕೋನ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ, ಕೆಳಗಿನಿಂದ ಒಂದೊಂದು. ಅಡ್ಡಗೆರೆಗಳು ಮೇಲಿನ ಬೆಳಕಿಗೆ, ನಿಂತ ಗೆರೆಗಳು ಪಕ್ಕದ ಬೆಳಕಿಗೆ ಎದ್ದು ಕಾಣುತ್ತವೆ. ಹಳಗನ್ನಡ ಲಿಪಿಯಲ್ಲಿ ತಲೆಕಟ್ಟು ಒಂದರಲ್ಲಿ ಸಿಕ್ಕಿದರೆ ಕೊಂಬು ಇನ್ನೊಂದರಲ್ಲಿ ಸಿಗುತ್ತದೆ. ಒಂದೇ ಫೋಟೊದಲ್ಲಿ ಎರಡೂ ಸಿಗಲಿ ಎಂದು ಕಾಯಬೇಡಿ.

ಫೋನನ್ನು ಟ್ರೈಪಾಡ್ ಮೇಲೆ ಕಲ್ಲಿಗೆ ಸಮಾನಾಂತರವಾಗಿ ನಿಲ್ಲಿಸಿ. ಅಲ್ಟ್ರಾವೈಡ್ (0.6ರ ಅಗಲ ನೋಟದ ಲೆನ್ಸ್) ಬೇಡ, ಅಂಚಿನ ಅಕ್ಷರ ಹಿಗ್ಗುತ್ತದೆ. ಜೂಮ್ 1 ಅಥವಾ 2 ಇರಲಿ. ಫೋನಿನೊಳಗೇ ಇರುವ ಎಸ್ ಪೆನ್ನಿನ ಬಟನ್ ಒತ್ತಿದರೆ ದೂರದಿಂದಲೇ ಫೋಟೊ ಬೀಳುತ್ತದೆ, ಫೋನ್ ಅಲುಗಾಡುವುದಿಲ್ಲ. ಈ ಸೌಲಭ್ಯ ಮುಂದಿನ ಎಸ್25 ಅಲ್ಟ್ರಾದ ಪೆನ್ನಿನಲ್ಲಿ ಇಲ್ಲ, ಹಾಗಾಗಿ ಕ್ಷೇತ್ರಕಾರ್ಯದವರಿಗೆ ಹಳೆಯ ಫೋನೇ ಮೇಲು ಎಂದು ಧೈರ್ಯವಾಗಿ ಹೇಳುತ್ತೇನೆ. ಪ್ರೊ ಮೋಡ್‌ನಲ್ಲಿ ಐಎಸ್‌ಒ 50 ಅಥವಾ 100ಕ್ಕೆ ನಿಲ್ಲಿಸಿ ಶಟರನ್ನು ಎಷ್ಟು ಬೇಕೋ ಅಷ್ಟು ನಿಧಾನ ಮಾಡಿ. ಕಲ್ಲು ಓಡುವುದಿಲ್ಲವಲ್ಲ.

ದಯವಿಟ್ಟು ಅಕ್ಷರಕ್ಕೆ ಸೀಮೆಸುಣ್ಣ, ಹಿಟ್ಟು, ಎಣ್ಣೆ ಬಳಿಯಬೇಡಿ. ಕಲ್ಲಿನ ಸಣ್ಣ ರಂಧ್ರಗಳಲ್ಲಿ ಅದು ಕೂರುತ್ತದೆ, ತಿಕ್ಕಿ ತೆಗೆಯಲು ಹೋದರೆ ಅಕ್ಷರವೂ ಸವೆಯುತ್ತದೆ. ಅಲ್ಲದೆ ಸುಣ್ಣ ಹಚ್ಚಿದವರು ತಾವು ಓದಿದಂತೆಯೇ ಹಚ್ಚುತ್ತಾರೆ. ಮುಂದಿನವರಿಗೆ ಕಾಣುವುದು ಅವರ ಊಹೆ, ಕಲ್ಲಲ್ಲ.

ಕಲ್ಲುಬರಹ

ಇದು ಬಹಳ ಉಪಕಾರ. ತಾಳೆಗರಿ ಮತ್ತು ಹಳೆಯ ಪುಸ್ತಕದ ಪುಟಕ್ಕೆ ಹತ್ತಿರ ಹೋದರೆ ಚಿತ್ರ ಒಮ್ಮೆಲೇ ಜಿಗಿದು ಅಂಚು ಮಸುಕಾಗುತ್ತದೆ, ಅದು ಯಾಕೆ?

ತೆಂಕಣಗಾಳಿ

ಫೋಕಸ್ ಎನ್‌ಹ್ಯಾನ್ಸರ್ ಕೆಲಸ. ಮುಖ್ಯ ಲೆನ್ಸಿಗೆ ಫೋಕಸ್ ಆಗದಷ್ಟು ಹತ್ತಿರ ಹೋದಾಗ ಫೋನ್ ಅಲ್ಟ್ರಾವೈಡಿಗೆ ಜಿಗಿಯುತ್ತದೆ. ಫ್ರೇಮಿನ ಕೆಳಗೆ ಹಳದಿ ಗುರುತು ಬರುತ್ತದೆ, ಅದನ್ನು ಒತ್ತಿ ಆಫ್ ಮಾಡಿ. ಆಮೇಲೆ 30-40 ಸೆಂಟಿಮೀಟರ್ ಹಿಂದೆ ಸರಿದು 2 ಪಟ್ಟು ಇಡಿ. ಇಷ್ಟು ದೊಡ್ಡ ಸೆನ್ಸರ್, ಎಫ್/1.7 ಸೇರಿದರೆ ಹತ್ತಿರದಲ್ಲಿ ಫೋಕಸ್ ಆಗುವ ಪದರ ಬಹಳ ತೆಳು. ಪುಟ ಸ್ವಲ್ಪ ಬಾಗಿದ್ದರೂ ನಡುವಿನ ಸಾಲು ಚೂಪು, ಅಂಚಿನ ಸಾಲು ಮಬ್ಬು. ದೂರ ಹೋದಷ್ಟೂ ಆ ಪದರ ದಪ್ಪವಾಗುತ್ತದೆ. ಹಗಲಿನಲ್ಲಾದರೆ ಇಲ್ಲಿ ದೃಶ್ಯ ಗುರುತಿಸಿ ಬಣ್ಣ ತಿದ್ದುವ ಸೀನ್ ಆಪ್ಟಿಮೈಸರ್ ಕೂಡ ಆಫ್ ಇರಲಿ (ಕ್ಯಾಮೆರಾ ಸೆಟ್ಟಿಂಗ್ಸ್ > ಇಂಟೆಲಿಜೆಂಟ್ ಆಪ್ಟಿಮೈಸೇಷನ್), ಹಳದಿ ಕಾಗದವನ್ನು ಅದು ಬೆಳ್ಳಗೆ ಮಾಡಬಹುದು.

ಚಂದ್ರನ ಫೋಟೊ ತೆಗೆಯುವವರಿಗೂ ಇದೇ ಮಾತು. ಚಂದ್ರ ಎಂದು ಗುರುತಿಸಿದಾಗ ಎಐ ಮೂಲಕ ವಿವರ ಹೆಚ್ಚಿಸುವುದನ್ನು ಸ್ಯಾಮ್‌ಸಂಗ್ 2023ರ ಮಾರ್ಚಿನಲ್ಲಿ ತಾನೇ ವಿವರಿಸಿತ್ತು. ದಾಖಲೆಯಾಗಿ ಉಳಿಯಬೇಕಾದ ಫೋಟೊಗೆ, ಗ್ರಹಣದ ಫೋಟೊಗೆ, ಅದನ್ನು ಆಫ್ ಮಾಡಿಯೇ ತೆಗೆಯಿರಿ. ಜೂಮ್ ಬಗ್ಗೆ ಹೇಳುವುದಾದರೆ 10 ಪಟ್ಟಿನವರೆಗೆ ನಂಬಬಹುದು, ಅದು 5 ಪಟ್ಟಿನ 50 ಮೆಗಾಪಿಕ್ಸೆಲ್ ಸೆನ್ಸರಿನ ನಡುಭಾಗ. ರಂಗನತಿಟ್ಟಿನಲ್ಲಿ ದೋಣಿಯಿಂದ ಹಕ್ಕಿಗೆ ಅದು ಸಾಕು. 30 ದಾಟಿದ ಮೇಲೆ ಗರಿಯ ಬದಲು ಫೋನ್ ಬಿಡಿಸಿದ ಗರಿ.

ಇರುಳೋದು

ರಾತ್ರಿ ಬೆಳಕು ಕಡಿಮೆ ಮಾಡಿ ಓದಿದರೆ ಕಣ್ಣು ನೋಯುತ್ತೆ, ತಲೆ ಭಾರ. ಹಳೆಯ ಎಲ್‌ಸಿಡಿ ಫೋನಿನಲ್ಲಿ ಹೀಗಾಗುತ್ತಿರಲಿಲ್ಲ. ಪರಿಹಾರ ಇದೆಯೇ?

ಗಾಜುಗಣ್ಣು

@ಇರುಳೋದು ಒಎಲ್‌ಇಡಿ ಕಡಿಮೆ ಬೆಳಕು ಕೊಡೋದು ಸೆಕೆಂಡಿಗೆ ನೂರಾರು ಸಲ ಆರಿ ಹತ್ತಿಕೊಂಡು. ಬೆಳಕು ತಗ್ಗಿಸಿದಷ್ಟೂ ಆರಿರೋ ಹೊತ್ತು ಜಾಸ್ತಿ. ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ಅದು ಆಗಿಬರಲ್ಲ. ನೋಡಬೇಕಂದರೆ ಬೇರೆ ಫೋನಿನ ಪ್ರೊ ಮೋಡ್‌ನಲ್ಲಿ ಶಟರ್ 1/2000 ಇಟ್ಟು ಈ ಪರದೆಯತ್ತ ಹಿಡೀರಿ, ಕಪ್ಪು ಪಟ್ಟಿಗಳು ಕಾಣುತ್ತವೆ. ಬ್ರೈಟ್‌ನೆಸ್ ಏರಿಸಿದಂತೆ ಪಟ್ಟಿ ತೆಳ್ಳಗಾಗುತ್ತೆ.

ಪರಿಹಾರ: ಆಕ್ಸೆಸಿಬಿಲಿಟಿ > ವಿಷನ್ ಎನ್‌ಹ್ಯಾನ್ಸ್‌ಮೆಂಟ್ಸ್‌ನಲ್ಲಿ ಎಕ್ಸ್‌ಟ್ರಾ ಡಿಮ್ ಇದೆ. ಅದು ದೀಪವನ್ನ ಮುಟ್ಟಲ್ಲ, ಚಿತ್ರದ ಬಣ್ಣವನ್ನೇ ಕಪ್ಪಾಗಿಸುತ್ತೆ. ಬ್ರೈಟ್‌ನೆಸ್ ಸ್ಲೈಡರ್ ಅರ್ಧಕ್ಕಿಂತ ಮೇಲಿಟ್ಟು, ಎಕ್ಸ್‌ಟ್ರಾ ಡಿಮ್‌ನಿಂದ ಕಣ್ಣಿಗೆ ಹಿತವಾಗೋಷ್ಟು ಇಳಿಸಿ. ಕೋಣೆಯಲ್ಲಿ ಒಂದು ಸಣ್ಣ ದೀಪ ಉರಿಯುತ್ತಿರಲಿ. ಒಂದೆರಡು ವಾರದಲ್ಲೂ ಕಡಿಮೆಯಾಗದಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಿ, ಎಲ್ಲಾ ನೋವೂ ಪರದೆಯಿಂದಲೇ ಅಂತಿಲ್ಲ.

ಹಿಮ್ಮೇಳ

ನೆರಳುಬೆಳಕು ಹೇಳಿದಂತೆ ಮಾಡಿದರೆ ಗೆರೆಗಳು ಉಳಿಯುತ್ತಿವೆ. ಇನ್ನೊಂದೇ ಪ್ರಶ್ನೆ: ಗ್ಯಾಲರಿಯಲ್ಲಿ ಹೊಳೆಯುವ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಯಾಕೆ ಮಂಕು?

ನೆರಳುಬೆಳಕು

ಎಸ್24 ಸರಣಿಯ ಗ್ಯಾಲರಿ ಸೂಪರ್ ಎಚ್‌ಡಿಆರ್‌ನಲ್ಲಿ ತೋರಿಸುತ್ತದೆ. ಫೋಟೊದೊಳಗೆ ಯಾವ ಜಾಗ ಎಷ್ಟು ಹೆಚ್ಚು ಹೊಳೆಯಬೇಕು ಎಂಬ ನಕ್ಷೆ ಪ್ರತ್ಯೇಕವಾಗಿ ಕೂತಿರುತ್ತದೆ, ಪರದೆ ಆ ಜಾಗಕ್ಕೆ ಮಾತ್ರ ಬೆಳಕು ಏರಿಸುತ್ತದೆ. ವಾಟ್ಸ್ಆ್ಯಪ್ ಫೋಟೊವನ್ನು ಕುಗ್ಗಿಸುವಾಗ ಆ ನಕ್ಷೆ ಕಳೆದುಹೋಗಿ ಸಾದಾ ಫೋಟೊ ಉಳಿಯುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲ್ ಹಾಗೇ ಹೋಗುತ್ತದೆ, ಆದರೆ ಪಡೆದವರ ಫೋನಿಗೂ ಅದನ್ನು ತೋರಿಸಲು ಬರಬೇಕು. ಮೇಳದವರಿಗೆ ಕಳಿಸುವ ಮುನ್ನ ಎಡಿಟ್ ಮಾಡುವುದಾದರೆ ಗ್ಯಾಲರಿಯ ಸೆಟ್ಟಿಂಗ್ಸ್‌ನಲ್ಲಿ ಸೂಪರ್ ಎಚ್‌ಡಿಆರ್ ಆಫ್ ಮಾಡಿ ನೋಡಿ. ಅವರಿಗೆ ಕಾಣುವುದು ಅದೇ.

ಬಯಲುನಾಡು

ಕೊನೆಗೆ, ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ ಅಂಗಡಿಯಲ್ಲೇ ಏನೇನು ನೋಡ್ಬೇಕು?

ಗಾಜುಗಣ್ಣು

ಗಾರ್ಡ್ ತೆಗೆಸಿ. ತೆಗೆಯಲ್ಲ ಅಂದರೆ ಆ ಫೋನ್ ಬಿಟ್ಟುಬಿಡಿ, ಗೀರು ಅದರಡಿಯೇ ಅಡಗಿರೋದು.

ಬಿಳಿ ಚಿತ್ರವನ್ನ ಪೂರ್ತಿ ಬೆಳಕಿನಲ್ಲಿ ತೆರೆದು ಸ್ಟೇಟಸ್ ಬಾರ್, ಕೀಬೋರ್ಡ್, ಮ್ಯಾಪಿನ ಬಟನ್‌ಗಳ ಜಾಗದಲ್ಲಿ ಅಚ್ಚು ಉಳಿದಿದೆಯಾ ನೋಡಿ. ಬಾಡಿಗೆ ವಾಹನದಲ್ಲಿ ದಿನವಿಡೀ ಮ್ಯಾಪ್ ಓಡಿಸಿದ ಪರದೆಗೆ ಇದು ಬೇಗ ಬರುತ್ತೆ. ಆಮೇಲೆ ಕಡುಬೂದು ಚಿತ್ರ, ಬ್ರೈಟ್‌ನೆಸ್ ಕನಿಷ್ಠ, ಎರಡೂ ಕೈ ಅಡ್ಡ ಹಿಡಿದು ಕತ್ತಲು ಮಾಡ್ಕೊಳ್ಳಿ. ಸಣ್ಣ ಕಾಳು ಒಎಲ್‌ಇಡಿಯಲ್ಲಿ ಸಹಜ, ಪಟ್ಟೆಗಳೋ ಒಂದು ಬದಿಗೆ ಹಸಿರು ಛಾಯೆಯೋ ಇದ್ದರೆ ಬೇಡ.

ಕ್ಯಾಮೆರಾದಲ್ಲಿ 0.6, 1, 3, 5 ನಾಲ್ಕನ್ನೂ ಅಂಗಡಿಯ ಹೊರಗೆ ಬೆಳಕಿಗೆ ಬಂದು ಪರೀಕ್ಷಿಸಿ, ಬೆರಳು ಮುಚ್ಚಿ ಆಯಾ ಲೆನ್ಸೇ ಕೆಲಸ ಮಾಡ್ತಿದೆ ಅಂತ ಖಚಿತ ಮಾಡ್ಕೊಂಡೇ ತೆಗೀರಿ. ಬೈಕಿಗೆ ಕಟ್ಟಿ ಓಡಿಸಿದ ಫೋನಿನಲ್ಲಿ ಅದುರಿಕೆಯಿಂದ ಲೆನ್ಸಿನ ಸ್ಟೆಬಿಲೈಸರ್ ಕೆಟ್ಟಿರಬಹುದು. 5 ಪಟ್ಟಿನಲ್ಲಿ ವಿಡಿಯೊ ಹಾಕಿ ಹತ್ತು ಸೆಕೆಂಡ್ ಅಲುಗಾಡದೆ ಹಿಡೀರಿ. ಚಿತ್ರ ತಾನಾಗೇ ನಡುಗಿದರೆ, ಕಿವಿಗಿಟ್ಟಾಗ ಒಳಗಿಂದ ಗುಂಯ್ ಅಂತ ಸದ್ದು ಬಂದರೆ, ಅದೇ ದೋಷ. ರಿಪೇರಿ ಅಂದರೆ ಇಡೀ ಕ್ಯಾಮೆರಾ ಭಾಗ ಬದಲಿಸೋದು. ಎಸ್ ಪೆನ್ ಎಳೆದು ಬಟನ್ ಒತ್ತಿ ಫೋಟೊ ಬೀಳುತ್ತಾ ನೋಡಿ, ಬೀಳದಿದ್ದರೆ ಪೆನ್ ಅಸಲಿ ಅಲ್ಲ ಅಥವಾ ಅದರ ಚಾರ್ಜ್ ಮುಗಿದಿದೆ. ಒಂದು ನಿಮಿಷ ಫೋನಿನೊಳಗೆ ಇಟ್ಟು ಮತ್ತೆ ಒತ್ತಿ.